ಎಂಜಿನ್‌ಗಳ ನಡುವೆ ಒಂಟಿ ಹುಟ್ಟು

ಮುಂಬೈಯ ವರ್ಸೋವಾ ಖಾಡಿಯ ಬಾಯಿಯಿಂದ ಬೆಳಗಿನ ಹೊತ್ತು ಹೊರಬೀಳುವ ಮೀನುಗಾರಿಕೆ ಬೋಟಿನಲ್ಲಿ ಚುಕ್ಕಾಣಿ ಹಿಡಿಯುವ ತಾಂಡೇಲ ನಿಲ್ಲುವುದು ಹಿಂಬದಿಯಲ್ಲಿ. ಅವನ ಮುಂದೆ ಕ್ಯಾಬಿನ್, ಅದರಾಚೆ ಬಲೆಯ ರಾಶಿ, ಬೋಯಾಗಳು, ನೀರಿನ ಡ್ರಮ್ಮು, ಬಾವುಟದ ಗಳಗಳು. ಅವೆಲ್ಲದರ ಆಚೆ ಎತ್ತಿ ನಿಂತ ಬೋಟಿನ ಮೂತಿ. ಮೈಲಿ ದೂರದ ಹಡಗು ಅವನಿಗೆ ನಿಚ್ಚಳವಾಗಿ ಕಾಣುತ್ತದೆ. ಮೂತಿಯ ಕೆಳಗಿನ ಹತ್ತಿಪ್ಪತ್ತು ಮಾರು ನೀರು ಮಾತ್ರ ಕಾಣುವುದಿಲ್ಲ. ಮೂತಿಯಲ್ಲಿ ನಿಂತ ಖಲಾಸಿ ಕೂಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಕಾಣದ ನೀರಿನಲ್ಲಿ ಕಾಲು ಚಾಚಿ ಕೂತು ಗಾಳ ಬಿಟ್ಟ ಕಯಾಕ್ ಒಂದು ಇದ್ದರೆ ಅದರ ಗತಿ ಏನು ಎಂಬುದು ಈ ಲೇಖನದ ಚಿಂತೆ.

ಕಯಾಕ್‌ನಲ್ಲಿ ಕೂತವನ ಕಣ್ಣು ನೀರಿನಿಂದ ಹೆಚ್ಚೆಂದರೆ 80 ಸೆಂಟಿಮೀಟರ್ ಮೇಲಿರುತ್ತದೆ. ಆ ಎತ್ತರಕ್ಕೆ ದಿಗಂತ ಬರೀ 3 ಕಿಲೋಮೀಟರ್ ಚಿಲ್ಲರೆ ದೂರದಲ್ಲಿದೆ. ಗಂಟೆಗೆ 25 ನಾಟಿಕಲ್ ಮೈಲು ಓಡುವ ಸ್ಪೀಡ್‌ಬೋಟ್ ಅಷ್ಟು ದೂರವನ್ನು ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ. ಇದೂ ತಿಳಿಯಾದ ದಿನದ ಲೆಕ್ಕ. ಮುಂಬೈ ಬಂದರಿನ ಚಳಿಗಾಲದ ಮಬ್ಬಿನಲ್ಲಿ, ಅಲೆಗಳ ಏರಿಳಿತದಲ್ಲಿ 500 ಮೀಟರ್ ಹತ್ತಿರ ಬಂದಮೇಲೆ ಕಂಡಿತು ಎಂದುಕೊಳ್ಳಿ. ಉಳಿಯುವುದು ನಲವತ್ತು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಹುಟ್ಟು ಹಾಕುವವನು ಜಾಗ ಬಿಡಬಹುದಾದದ್ದು 50 ಮೀಟರ್. ಪ್ಲಾಸ್ಟಿಕ್ ಮೈಯ, ನೀರಿಗಂಟಿದ ಕಯಾಕ್ ರಾಡಾರಿಗೂ ಸುಲಭಕ್ಕೆ ಸಿಗುವುದಿಲ್ಲ.

ಮುಂಬೈಗೆ ಗಾಳದ ಹವ್ಯಾಸ ಹೊಸದಲ್ಲ. ಪೊವಾಯಿ ಕೆರೆಯ ದಂಡೆಯಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ದಶಕಗಳಿಂದ ಇದೆ. ಕೆರೆಯ ಶಿಸ್ತು ಕಲಿತವರು ಜಿತಾಡಾ, ರಾವಸ್ ಮೀನಿನ ಆಸೆಗೆ ಕಯಾಕ್ ಏರಿ ಖಾಡಿಗೆ ಇಳಿದರೆ ಅಲ್ಲಿ ಅವರಿಗೆ ಎದುರಾಗುವ ನೀರು ಖಾಲಿಯಲ್ಲ. ಠಾಣೆ ಖಾಡಿಯಲ್ಲಿ, ಮಾಹುಲ್‌, ಟ್ರಾಂಬೆಯ ಕಡೆ, ಮನೋರಿಯಲ್ಲಿ ಮೀನುಗಾರ ಸಮುದಾಯದ ಕೋಳಿಗರು ಹೋಡಿ ಎಂಬ ಪುಟ್ಟ ದೋಣಿಗಳಲ್ಲಿ ತಲೆಮಾರುಗಳಿಂದ ಮೀನು ಹಿಡಿಯುತ್ತ ಬಂದಿದ್ದಾರೆ. ಕಯಾಕ್‌ಗೆ ಇರುವ ಅಪಾಯವೆಲ್ಲ ಈ ಹೋಡಿಗೂ ಇದೆ. ಕಯಾಕ್‌ನವನು ಭಾನುವಾರ ಬಂದು ಹೋಗುತ್ತಾನೆ, ಹೋಡಿಯವನು ದಿನವೂ ಇಳಿಯಲೇಬೇಕು.

ಕಾನೂನು ಏನು ಹೇಳುತ್ತದೆ? ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ರೂಪಿಸಿ, 1977ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳು ಭಾರತಕ್ಕೂ ಅನ್ವಯ. ಎಂಜಿನ್ ಬೋಟು ಮೀನು ಹಿಡಿಯುತ್ತಿರುವ ದೋಣಿಗೆ ದಾರಿ ಬಿಡಬೇಕು ಎನ್ನುತ್ತದೆ ಅದರ 18ನೇ ನಿಯಮ. ಇದನ್ನೋದಿ ಗಾಳದವರು ಸಮಾಧಾನಪಡುವ ಹಾಗಿಲ್ಲ. ಏಕೆಂದರೆ ದೋಣಿ ಸುಲಭವಾಗಿ ತಿರುಗದಂತೆ ಮಾಡುವ ಬಲೆ, ಟ್ರಾಲ್, ಉದ್ದದ ದಾರ ಇದ್ದರೆ ಮಾತ್ರ ಅದು ಆ ನಿಯಮದ ಲೆಕ್ಕಕ್ಕೆ ಮೀನು ಹಿಡಿಯುತ್ತಿರುವ ದೋಣಿ. ಒಂದೆರಡು ಗಾಳ ಇಳಿಬಿಟ್ಟ ಕಯಾಕ್ ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಯಾರು ಯಾರಿಗೆ ದಾರಿ ಬಿಡಬೇಕೆಂಬ ಆ ಪಟ್ಟಿಯಲ್ಲಿ ಹುಟ್ಟಿನ ದೋಣಿಯ ಹೆಸರೇ ಇಲ್ಲ. ಹಾಯಿ ಇದೆ, ಬಲೆ ಇದೆ, ಕೆಟ್ಟು ನಿಂತ ಹಡಗಿದೆ, ಹುಟ್ಟು ಇಲ್ಲ. ಕಿರಿದಾದ ಚಾನಲ್‌ನಲ್ಲಂತೂ 9ನೇ ನಿಯಮ ತಿರುಗಿಬೀಳುತ್ತದೆ: 20 ಮೀಟರಿಗಿಂತ ಚಿಕ್ಕ ದೋಣಿ, ಚಾನಲ್ ಬಿಟ್ಟು ಬೇರೆಡೆ ಹೋಗಲಾರದ ದೊಡ್ಡ ಹಡಗಿಗೆ ಅಡ್ಡಿಯಾಗಕೂಡದು.

ಹಾಗೆಂದು ಎಂಜಿನ್‌ನವನಿಗೆ ವಿನಾಯಿತಿ ಸಿಕ್ಕಿಲ್ಲ. ಸದಾ ಕಣ್ಣಿಟ್ಟು ನೋಡುತ್ತಿರಬೇಕು ಎಂಬ 5ನೇ ನಿಯಮವೂ ನಿಲ್ಲಿಸಬಲ್ಲಷ್ಟೇ ವೇಗದಲ್ಲಿ ಹೋಗಬೇಕು ಎಂಬ 6ನೇ ನಿಯಮವೂ ಎಲ್ಲರಿಗೂ, ಎಲ್ಲ ಹೊತ್ತಿಗೂ ಅನ್ವಯ. ಹುಟ್ಟಿನ ದೋಣಿಯ ರಕ್ಷಣೆ ನಿಂತಿರುವುದು ಈ ಎರಡರ ಮೇಲೆ. ನನಗನ್ನಿಸುವಂತೆ ಹೊಣೆಯ ದೊಡ್ಡ ಪಾಲು ವೇಗ ಯಾರ ಕೈಯಲ್ಲಿದೆಯೋ ಅವರದು. ಚಿಕ್ಕವನು ಕಾಣುವಂತೆ ಇರಬೇಕು, ಮುಂದೆ ಏನು ಮಾಡುತ್ತಾನೆಂದು ತಿಳಿಯುವಂತೆ ನಡೆಯಬೇಕು. ಅಷ್ಟನ್ನು ಮಾಡಿದವನಿಗೂ ಏಟು ಬಿದ್ದರೆ ತಪ್ಪು ಅವನದಲ್ಲ.

2024ರ ಡಿಸೆಂಬರ್ 18ರ ಮಧ್ಯಾಹ್ನ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲ್ ಕಮಲ್’ ಲಾಂಚ್‌ಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಡಿದದ್ದು ಮುಂಬೈಯ ಎದೆಯಲ್ಲಿ ಇನ್ನೂ ಹಸಿಯಾಗಿದೆ. ಲಾಂಚಿನಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು. ಸತ್ತವರು 15 ಮಂದಿ. ಎಂಜಿನ್ ಪರೀಕ್ಷೆಯ ವೇಳೆ ದೋಷವುಂಟಾಗಿ ಬೋಟು ಹತೋಟಿ ತಪ್ಪಿತೆಂದು ನೌಕಾಪಡೆ ಹೇಳಿತು. ಲಾಂಚಿನಿಂದಲೇ ತೆಗೆದ ವಿಡಿಯೊದಲ್ಲಿ ಆ ಬೋಟು ಬೀಸಾಗಿ ಸುತ್ತು ಹೊಡೆದು ನೇರ ತಿರುಗಿ ಬರುವುದು ಕಾಣುತ್ತದೆ. ಕೊನೆಯ ಕ್ಷಣದವರೆಗೂ ಅದು ಪಕ್ಕಕ್ಕೆ ಸರಿದೀತು ಎಂದೇ ಯಾರಿಗಾದರೂ ಅನ್ನಿಸಬೇಕು. ವೇಗದ ಬೋಟು ತನ್ನನ್ನು ನೋಡಿದೆ, ಅದರ ಚುಕ್ಕಾಣಿ ಸರಿಯಾಗಿದೆ ಎಂಬ ಎರಡು ನಂಬಿಕೆಗಳನ್ನು ಹುಟ್ಟು ಹಿಡಿದವನು ದಡದಲ್ಲೇ ಬಿಟ್ಟು ಹೊರಡುವುದು ಕ್ಷೇಮ. ಆ ದುರಂತದ ಬಳಿಕ ಗೇಟ್‌ವೇಯ ಲಾಂಚುಗಳಲ್ಲಿ ಲೈಫ್ ಜಾಕೆಟ್ ಕಡ್ಡಾಯವಾಯಿತು. ಅದಕ್ಕೆ ಅಷ್ಟು ಜೀವ ಹೋಗಬೇಕಾಗಿರಲಿಲ್ಲ.

ಆಳಸಮುದ್ರದ ಕಥೆಯೂ ಬೇರೆಯಲ್ಲ. 2021ರ ಏಪ್ರಿಲ್‌ನಲ್ಲಿ ಮಂಗಳೂರಿನಾಚೆ ‘ರಬಾ’ ಎಂಬ ಮೀನುಗಾರಿಕೆ ಬೋಟಿಗೂ ‘ಎಪಿಎಲ್ ಲ ಹಾವ್ರ್’ ಎಂಬ ಸರಕು ಹಡಗಿಗೂ ರಾತ್ರಿ ಹೊತ್ತು ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಬದುಕಿದವರು ಇಬ್ಬರೇ. ಅಷ್ಟು ದೊಡ್ಡ ಬೋಟಿಗೇ ಹೀಗಾದರೆ ಕಯಾಕ್ ಯಾವ ಲೆಕ್ಕ!

ಮುಂಬೈಯ ನೀರಿಗೆ ಅದರದೇ ಆದ ಇನ್ನೊಂದು ಗುಣವಿದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಲ್ಲಿ ಭರತಕ್ಕೂ ಇಳಿತಕ್ಕೂ ಹತ್ತಿರ ಹತ್ತಿರ 5 ಮೀಟರ್ ವ್ಯತ್ಯಾಸ. ಮಂಗಳೂರು, ಮಲ್ಪೆಯ ಕಡಲು ನೋಡಿ ಬೆಳೆದವರಿಗೆ ಇದು ನಂಬಲಾಗದ ಸಂಗತಿ, ಅಲ್ಲಿ ಒಂದೂವರೆ ಮೀಟರೇ ಹೆಚ್ಚು. ಅಷ್ಟು ನೀರು ಆರು ತಾಸಿನಲ್ಲಿ ಖಾಡಿಗಳಿಂದ ಹೊರಹೋಗಬೇಕಾದರೆ ಸೆಳೆತ ಹುಟ್ಟಿನವನ ತಾಕತ್ತಿಗೆ ಸಮವಾಗಿ ನಿಲ್ಲುತ್ತದೆ. ಇಳಿತದಲ್ಲಿ ಹೊರಟು ಭರತದಲ್ಲಿ ಮರಳುವುದು ಕೋಳಿಗರ ಕ್ರಮ. ಇದನ್ನು ತಲೆಕೆಳಗು ಮಾಡಿದವನು ಹೊತ್ತು ಮುಳುಗುವಾಗ ಸೆಳೆತದ ವಿರುದ್ಧ ಹುಟ್ಟು ಹಾಕುತ್ತ, ದಣಿದು, ಲಾಂಚುಗಳ ದಾರಿಯ ನಟ್ಟನಡುವೆ ನಿಂತುಬಿಡುತ್ತಾನೆ. ಶಿವಡಿಯ ಕಡೆ ಇನ್ನೂ ಒಂದು ತಾಪತ್ರಯ ಉಂಟು: ನೀರಿಳಿದ ಮೇಲೆ ಉಳಿಯುವುದು ಸೊಂಟದವರೆಗೆ ಹೂಳುವ ಕೆಸರು. ಇಳಿದು ನಡೆದು ಬರುತ್ತೇನೆ ಎಂಬ ಮಾತು ಅಲ್ಲಿ ನಡೆಯದು. ಚಾನಲ್ ತಪ್ಪಿಸಿ ಅಂಚಿಗೆ ಅಂಟಿಕೊಂಡವನು ಇಳಿತದ ವೇಳೆಯನ್ನೂ ನೋಡಿಟ್ಟುಕೊಂಡಿರಬೇಕು.

ಲಂಗರಿನ ವಿಷಯ ಬಿಡಿಸಿ ಹೇಳಲೇಬೇಕು. ಸೆಳೆತದಲ್ಲಿ ಕಯಾಕ್‌ನ ಪಕ್ಕಕ್ಕೆ ಲಂಗರಿನ ಹಗ್ಗ ಕಟ್ಟಿದರೆ ನೀರು ಆ ಮಗ್ಗುಲನ್ನೇ ಕೆಳಗೆಳೆದು ಮಗುಚಿಹಾಕುತ್ತದೆ. ಕಟ್ಟುವುದಾದರೆ ತುದಿಗೆ, ಅದೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟಿನಲ್ಲಿ, ಹಗ್ಗದ ಕೊನೆಗೊಂದು ಬೋಯಾ ಇಟ್ಟು. ಬೋಟು ಮೇಲೆ ಬರುತ್ತಿದೆ ಎನ್ನಿಸಿದ ಕೂಡಲೇ ಹಗ್ಗ ಬಿಟ್ಟು ಸರಿಯಬಹುದು, ಬೋಯಾ ಆಮೇಲೆ ಸಿಕ್ಕೇ ಸಿಗುತ್ತದೆ. ಚಾನಲ್‌ನ ಒಳಗೆ, ಜೆಟ್ಟಿಯ ಬಾಯಲ್ಲಿ, ಮಾರ್ವೆ–ಮನೋರಿ ಅಥವಾ ವರ್ಸೋವಾ–ಮಡ್ ದಾಟುದೋಣಿಯ ದಾರಿಯಲ್ಲಿ ಲಂಗರೇ ಬೇಡ. ದಾಟಬೇಕಾದರೆ ಎಲ್ಲರೂ ಗುಂಪಾಗಿ, ಅಡ್ಡಕ್ಕೆ ನೇರ, ನಡುವೆ ನಿಲ್ಲದೆ ದಾಟಬೇಕು. 300 ಮೀಟರ್ ಅಗಲದ ಚಾನಲ್ ದಾಟಲು ಕಯಾಕ್‌ಗೆ ಮೂರೂವರೆ ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಎಲ್ಲಿಂದ ಏನು ಬಂದೀತೆಂದು ಮೊದಲೇ ನೋಡಿಕೊಂಡು ಹೊರಡಬೇಕು. ಅರ್ಧ ದಾಟಿ ಮನಸ್ಸು ಬದಲಿಸಿ ಹಿಂದೆ ತಿರುಗುವವನನ್ನು ಕಂಡರೆ ಎಷ್ಟೇ ಪಳಗಿದ ತಾಂಡೇಲನಿಗೂ ಕೈಕಾಲು ಆಡುವುದಿಲ್ಲ.

ಇನ್ನು ಮರ್ಯಾದೆಯ ಮಾತು. ಇಲ್ಲಿನ ಡೋಲ್ ಬಲೆ ಸೆಳೆತಕ್ಕೆ ಬಾಯ್ದೆರೆದು ಗೂಟಕ್ಕೆ ಕಟ್ಟಿದ ದೊಡ್ಡ ಚೀಲ. ಬೊಂಬಿಲ್ ಮೀನು ಬೀಳುವುದು ಅದರಲ್ಲೇ. ಗೂಟ, ಬೋಯಾ, ಬಾವುಟ ಕಂಡಲ್ಲಿ ಮೀನು ಸೇರಿರುತ್ತದೆಂದು ಗಾಳದವರಿಗೂ ಗೊತ್ತು, ಅದಕ್ಕೇ ಅಲ್ಲಿಗೆ ನುಗ್ಗುವ ಆಸೆ. ಆ ಗೂಟಕ್ಕೆ ಕಯಾಕ್ ಕಟ್ಟುವುದು ಬೇರೆಯವರ ಅಡುಗೆಮನೆಗೆ ಹೇಳದೆ ಕೇಳದೆ ಹೊಕ್ಕಂತೆ. ಕೊಕ್ಕೆ ಬಲೆಗೆ ಸಿಕ್ಕಿದರೆ ಎಳೆದು ಹರಿಯದೆ ತನ್ನ ದಾರವನ್ನೇ ಕತ್ತರಿಸಬೇಕು. ಬಲೆ ಎಳೆಯುತ್ತಿರುವ ದೋಣಿಗೂ ಅದರ ಬಲೆಗೂ ನಡುವೆ ಎಂದೂ ಹೋಗಬಾರದು, ಸುತ್ತಿ ಬಲೆಯ ಹಿಂದಿನಿಂದ ಹೋಗಬೇಕು. ಹಿಂದೆ ಬಿಟ್ಟ ಗಾಳದ ದಾರ ಲಾಂಚಿನ ಫ್ಯಾನಿಗೆ ಸುತ್ತಿಕೊಂಡರೆ ಕಳೆದುಕೊಳ್ಳುವುದು ಒಂದು ದಾರವಷ್ಟೇ ಅಲ್ಲ, ಬಿಡಿಸಲು ಒಬ್ಬ ಖಲಾಸಿ ನೀರಿಗೆ ಧುಮುಕಬೇಕಾಗುತ್ತದೆ. ಇಳಿಯುವ ಮುನ್ನ ಕೋಳಿವಾಡದ ದಡದಲ್ಲಿ ನಿಂತು “ಕಾಕಾ, ಇವತ್ತು ಬಲೆ ಎಲ್ಲಿ ಹಾಕಿದ್ದೀರಿ?” ಎಂದು ವಿಚಾರಿಸಿದರೆ ಯಾರೂ ಮುಖ ತಿರುಗಿಸುವುದಿಲ್ಲ. ಆ ಹೊತ್ತಿನ ಗಾಳಿ, ಸೆಳೆತ, ಲಾಂಚಿನ ವೇಳೆ ಎಲ್ಲ ಅದೇ ಮಾತಿನಲ್ಲಿ ಸಿಕ್ಕಿಬಿಡುತ್ತದೆ.

ಎಂಜಿನ್‌ನವರಿಗೂ ಒಂದು ಮಾತು. ಚಿಕ್ಕ ದೋಣಿ ಕಂಡಾಗ ಅವರು ಒಂದಿಷ್ಟು ವೇಗ ಇಳಿಸುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಅರ್ಧ ವೇಗದಲ್ಲಿ, ಹಿಂಭಾಗ ತಗ್ಗಿ ಮೂತಿ ಎತ್ತಿಕೊಂಡು ಹೋಗುವ ಸ್ಪೀಡ್‌ಬೋಟೇ ಎಲ್ಲಕ್ಕಿಂತ ದೊಡ್ಡ ಅಲೆ ಎಬ್ಬಿಸುವುದು. ಬೋಟು ಪೂರ್ತಿ ನೀರಿಗೆ ಕೂರುವಷ್ಟು ನಿಧಾನಿಸಬೇಕು, ಅದೂ ದೂರದಲ್ಲೇ. ಅಲೆ ಬಂದೇ ಬಂತೆಂದರೆ ಕಯಾಕ್‌ನವನು ಮಗ್ಗುಲು ಕೊಡದೆ ಮೂತಿಯನ್ನು ಅಲೆಯತ್ತ ತಿರುಗಿಸಿ, ಹುಟ್ಟನ್ನು ನೀರಿನಲ್ಲೇ ಇಟ್ಟು ದಾಟಿಸಬೇಕು. ಅವನ ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನ ಹಿಂದೆ ಕಟ್ಟಿಟ್ಟರೆ ಉಪಯೋಗವಿಲ್ಲ. ಕಿತ್ತಳೆಯೋ ಹಳದಿಯೋ ಅಂಗಿ, ತಲೆಯ ಮೇಲೆ ಎತ್ತರಕ್ಕೆ ನಿಲ್ಲುವ ಒಂದು ಬಾವುಟ, ಕೊರಳಿಗೆ ಸೀಟಿ, ನೀರು ಹೋಗದ ಚೀಲದಲ್ಲಿ ಫೋನು. ಕೋಸ್ಟ್ ಗಾರ್ಡ್‌ನ ತುರ್ತು ಸಂಖ್ಯೆ 1554, ಕರಾವಳಿ ಪೊಲೀಸರದು 1093. ಕತ್ತಲಾದರೆ ಹುಟ್ಟಿನ ದೋಣಿ ಕಡೇಪಕ್ಷ ಬಿಳಿ ಬೆಳಕಿನ ಟಾರ್ಚ್ ಕೈಗೆಟಕುವಂತೆ ಇಟ್ಟು, ಡಿಕ್ಕಿ ತಪ್ಪುವಷ್ಟು ಮೊದಲೇ ತೋರಿಸಬೇಕೆಂದು 25ನೇ ನಿಯಮ ಹೇಳುತ್ತದೆ. ಬೆಳಕನ್ನು ತಾಂಡೇಲನ ಕಣ್ಣಿಗೆ ಹೊಡೆಯದೆ ನಮ್ಮ ಅಂಗಿಯ ಮೇಲೆ, ಹುಟ್ಟಿನ ಮೇಲೆ ಬೀಳಿಸಿದರೆ ಅಲ್ಲೊಬ್ಬ ಮನುಷ್ಯ ಇದ್ದಾನೆಂದು ಅವನಿಗೆ ತಿಳಿಯುತ್ತದೆ.

ಹುಟ್ಟಿಗೂ ಎಂಜಿನ್‌ಗೂ ನಡುವಿನ ಈ ಜಗ್ಗಾಟ ಕರಾವಳಿಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1902ರಲ್ಲೇ ಮುಂಬೈಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡ ಮೀನುಗಾರ ಸಮುದಾಯಕ್ಕೆ ಊರಿನ ಅಳಿವೆಗಳಲ್ಲಿ ಟ್ರಾಲ್‌ಬೋಟು ಬಂದಾಗ ನಾಡದೋಣಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಮಹಾರಾಷ್ಟ್ರ 1981ರಲ್ಲಿ, ಕರ್ನಾಟಕ 1986ರಲ್ಲಿ ಕಡಲ ಮೀನುಗಾರಿಕೆ ನಿಯಂತ್ರಣ ಕಾನೂನು ಮಾಡಿ ದಡದ ಹತ್ತಿರದ ನೀರನ್ನು ಸಣ್ಣವರಿಗೆ ಉಳಿಸಲು ನೋಡಿದ್ದು ಆ ಸಂಘರ್ಷದಿಂದಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವಾಗ ಹುಟ್ಟಿನ ದೋಣಿಗೆ ವಿನಾಯಿತಿ ಕೊಟ್ಟದ್ದರಲ್ಲೂ ಅದೇ ನ್ಯಾಯವಿದೆ.

ಮಳೆಗಾಲದ ನೀರು ಮಾತ್ರ ಯಾರನ್ನೂ ಬಿಡುವುದಿಲ್ಲ. 1947ರ ಜುಲೈ 17ರಂದು ರೇವಸ್‌ಗೆ ಹೊರಟಿದ್ದ ‘ರಾಮದಾಸ್’ ಸ್ಟೀಮರ್ ಮಗುಚಿ 600ಕ್ಕೂ ಹೆಚ್ಚು ಜನ ಸತ್ತದ್ದು ಇದೇ ಮುಂಬೈ ಬಂದರಿನ ಬಾಯಲ್ಲಿ. ಅಂದು ಹಲವರನ್ನು ಎತ್ತಿ ಬದುಕಿಸಿದವರು ರೇವಸ್ ಕಡೆಯ ಮೀನುಗಾರರು, ತಮ್ಮ ಸಣ್ಣ ದೋಣಿಗಳಲ್ಲಿ.

ಸಣ್ಣ ದೋಣಿಗೆ ಜಾಗ ಕೊಡುವುದು ಒಳ್ಳೆಯತನಕ್ಕೆ ಬಿಟ್ಟ ವಿಷಯವಷ್ಟೇ ಅಲ್ಲ, ನಕ್ಷೆಯಲ್ಲಿ ಅಳತೆ ಹಾಕಿ ಬರೆಯಬೇಕಾದದ್ದು ಎಂಬುದನ್ನು ವರಳಿಯ ಕೋಳಿಗರು ಹೋರಾಡಿ ತೋರಿಸಿದರು. ಕೋಸ್ಟಲ್ ರೋಡಿನ ಕಂಬಗಳ ನಡುವೆ ಅವರ ಬೋಟುಗಳಿಗೆಂದು ಮೊದಲು ಬಿಟ್ಟಿದ್ದ ಅಂತರ 60 ಮೀಟರ್. ಅಲೆ ಎತ್ತಿ ಎಸೆಯುವಾಗ, ಎರಡು ಬೋಟು ಎದುರುಬದುರಾದಾಗ, ಎಂಜಿನ್ ಕೈಕೊಟ್ಟಾಗ ಇಷ್ಟು ಸಾಲದು ಎಂದು ಅವರು ಪಟ್ಟು ಹಿಡಿದರು. ಅವರು ಕೇಳಿದ್ದು ಇನ್ನೂ ಹೆಚ್ಚು, 2022ರ ಕೊನೆಗೆ ಸರ್ಕಾರ ಒಪ್ಪಿದ್ದು 120 ಮೀಟರ್. ಆ ಹೊತ್ತಿಗೆ ಕಾಮಗಾರಿ ಶುರುವಾಗಿ ವರ್ಷಗಳಾಗಿದ್ದವು.

ಈಗ ಮತ್ತೆ ಅದೇ ಸಂದರ್ಭ ಬಂದಿದೆ. 2022ರ ಫೆಬ್ರುವರಿಯಲ್ಲಿ ಬೇಲಾಪುರದ ವಾಟರ್ ಟ್ಯಾಕ್ಸಿ ಶುರುವಾಯಿತು. ಮುಂಬೈಗೆ ವಾಟರ್ ಮೆಟ್ರೋ ತರುವ ಕಾರ್ಯಸಾಧ್ಯತೆಯ ವರದಿಯನ್ನು ಕೊಚ್ಚಿ ಮೆಟ್ರೋದವರಿಗೆ ವಹಿಸಲಾಗಿದೆ. ರಸ್ತೆ, ರೈಲುಗಳಲ್ಲಿ ಉಸಿರುಗಟ್ಟುವ ಊರಿಗೆ ಇದು ಬೇಕು, ಸಂಶಯವಿಲ್ಲ. ಆದರೆ ಠಾಣೆ, ವಸಯಿ, ಮನೋರಿ ಖಾಡಿಗಳಲ್ಲಿ ವೇಗದ ಬೋಟು ಓಡಿಸುವ ಮುನ್ನ ಯಾವ ತಿಂಗಳು ಎಲ್ಲಿ ಡೋಲ್ ನಿಲ್ಲುತ್ತದೆ, ಯಾವ ಇಳಿತದಲ್ಲಿ ಹೋಡಿಗಳು ಚಾನಲ್‌ಗೆ ಬರಲೇಬೇಕಾಗುತ್ತದೆ ಎಂಬುದನ್ನು ಆಯಾ ಕೋಳಿವಾಡದ ಸೊಸೈಟಿಯಲ್ಲಿ ಕೂತು ಬರೆದುಕೊಳ್ಳಬೇಕು. ಅಲ್ಲಲ್ಲಿ ನಿಧಾನದ ಹರವು ಗೊತ್ತುಮಾಡಿ ಬೋಯಾ ತೇಲಿಬಿಡಬೇಕು. ಟಿಕೆಟಿನ ದರ ನಿಗದಿಯಾಗುವುದಕ್ಕಿಂತ ಮೊದಲೇ ಈ ಕೆಲಸ ಮುಗಿದಿರಬೇಕು.