ಚೊಳಚಗುಡ್ಡದ ಎಲೆತೋಟದ ನೀರು

ಚೊಳಚಗುಡ್ಡದ ಬನಶಂಕರಿ ಗುಡಿಯ ಮುಂದಿನ ಹರಿದ್ರಾ ತೀರ್ಥದ ಕಲ್ಲುಮಂಟಪಗಳನ್ನು ದಾಟಿ, ತೆಂಗು ಬಾಳೆಗಳ ನಡುವಿನ ಕಾಲುದಾರಿಗೆ ಇಳಿದರೆ ಬಿಸಿಲಿನ ಬಣ್ಣವೇ ಬೇರೆ. ಹೊರಗೆ ಬಾದಾಮಿ ಸೀಮೆಯ ಕೆಂಪು ಗುಡ್ಡಗಳು ಬೆಳಿಗ್ಗೆಯೇ ಕಾಯತೊಡಗಿದ್ದರೂ ಇಲ್ಲಿ ಒಳಗೆ ತಂಪು, ಅರೆಗತ್ತಲು, ಒದ್ದೆಮಣ್ಣಿನ ವಾಸನೆ; ಅದರ ಬೆನ್ನಿಗೇ ಮೂಗಿಗೆ ಬಡಿಯುವ ಖಾರದ ಕಂಪು ವೀಳ್ಯದೆಲೆಯ ಬಳ್ಳಿಯದು. ಚೊಗಚಿ, ನುಗ್ಗೆಗಳನ್ನು ಹಬ್ಬಿ ಮೇಲೇರಿದ ಬಳ್ಳಿಗಳ ಸಾಲಿನಲ್ಲಿ ಇಬ್ಬರು ಜೋಡಿಯಾಗಿ ನಡೆಯುವಷ್ಟು ಜಾಗವಿಲ್ಲ. ತಲೆ ತಗ್ಗಿಸಿ, ನೀರುಗಾಲುವೆಯ ಬದುವಿನ ಮೇಲೆ ಹೆಜ್ಜೆಯಿಟ್ಟು, ಒಬ್ಬರ ಹಿಂದೊಬ್ಬರು ಹೋಗಬೇಕು. ಬನ್ನಿ, ಸದ್ದು ಮಾಡದೆ.

ಎಲೆ ಕೊಯ್ಯುವವರ ಮಾತು ಕಡಿಮೆ. ಹೆಬ್ಬೆರಳಿನ ಉಗುರು ತೊಟ್ಟಿಗೆ ತಾಗಿದಾಗ ಆಗುವ ಚಿಟ್ ಎಂಬ ಸಣ್ಣ ಸಪ್ಪಳ ಒಂದೇ ಲಯದಲ್ಲಿ ಕೇಳುತ್ತಿರುತ್ತದೆ. ಬಲಗೈ ಕೊಯ್ದದ್ದು ಎಡಗೈಯಲ್ಲಿ ಒಂದರ ಮೇಲೊಂದು ಕೂಡುತ್ತದೆ. ಚಿಗುರಿಗೆ ಕೈ ಹಾಕುವುದಿಲ್ಲ, ಬಲಿತು ಬಿರುಸಾದದ್ದನ್ನು ಬಳ್ಳಿಯಲ್ಲಿ ಉಳಿಸುವುದಿಲ್ಲ. ಬಾಳೆಯ ನೆರಳಲ್ಲಿ ಗೋಣಿತಟ್ಟು ಹಾಸಿ ಕುಳಿತ ಅಜ್ಜಿಯ ಮುಂದೆ ಆ ಹಿಡಿಗಳೆಲ್ಲ ಬಂದು ಬೀಳುತ್ತವೆ. ಆಕೆ ಒಂದೊಂದೇ ಎಲೆ ಎತ್ತಿ, ಬೆನ್ನು ನೋಡಿ, ಅಂಚು ನೋಡಿ, ತೊಟ್ಟು ಒಂದೇ ಕಡೆ ಬರುವಂತೆ ಜೋಡಿಸುತ್ತಾಳೆ. ಸುತ್ತ ಹಳದಿ ಬಳೆಯಿದ್ದ ಕಂದು ಚುಕ್ಕೆಯ ಎಲೆಯೊಂದು ಸಿಕ್ಕಾಗ ಬೆರಳು ನಿಂತಿತು.

“ಇದನ್ನ ಕಟ್ಟಿನಾಗ ಸೇರಿಸಿದ್ರ ಮಗ್ಗಲದ ಎಲಿನೂ ಕೊಳಿಸ್ತೈತ್ರಿ. ಪ್ಯಾಟಿಗೆ ಹೋಗಿ ಬಿಚ್ಚಿದ್ರ ನಮ್ಮ ತೋಟದ ಹೆಸರ ಕೆಡತೈತಿ,” ಎಂದು ಪಕ್ಕಕ್ಕೆ ಒಗೆದಳು.

ಗುಣಮಟ್ಟ ನಿರ್ವಹಣೆ ಎಂದು ದೊಡ್ಡ ಸಭೆಗಳಲ್ಲಿ ಆಡುವ ಮಾತಿನ ಬಹುಪಾಲು ಆ ಎರಡು ವಾಕ್ಯಗಳಲ್ಲೇ ಇದೆ ಎಂದು ನನಗನಿಸಿತು. ದೋಷ ಬುಡದಲ್ಲೇ ನಿಲ್ಲಬೇಕು. ಕಟ್ಟು ಯಾವ ತೋಟದ್ದೆಂದು ಕೊಂಡವರಿಗೆ ಗೊತ್ತಾಗಬೇಕು. ಹೀಗೆ ಹೆಸರು ಕಾಯುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಊರ ಬಳಿ ಹರಿಯುವ ಮಲಪ್ರಭೆಯ ದಂಡೆ ಹಿಡಿದು ಕೆಳಗೆ ಸಾಗಿದರೆ ಪಟ್ಟದಕಲ್ಲು, ಅದರಾಚೆ ಐಹೊಳೆ. ಅಲ್ಲಿಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಶಾಸನ ಸುಮಾತ್ರಾ ದ್ವೀಪದ ಬಾರೂಸ್‌ನಲ್ಲಿ ಸಿಕ್ಕಿದೆ, ಕ್ರಿ.ಶ. 1088ರದ್ದು, ತಮಿಳಿನಲ್ಲಿ. ಅಷ್ಟು ದೂರದ ಪರದೇಶದಲ್ಲಿ ವ್ಯಾಪಾರ ನಡೆಯಬೇಕಾದರೆ ಸಂಘದ ಹೆಸರಿನ ಮೇಲೆ ನಂಬಿಕೆಯಿರಲೇಬೇಕು.

ಆದರೆ ಅಜ್ಜಿಯ ಕಣ್ಣಿಗೆ ಕಾಣದ ದೋಷವೊಂದಿದೆ. ಅದಕ್ಕೆ ಚುಕ್ಕೆಯಿಲ್ಲ, ವಾಸನೆಯಿಲ್ಲ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ದನ, ಹಕ್ಕಿ, ಮನುಷ್ಯರ ಕರುಳಲ್ಲಿರುತ್ತದೆ. ಸರಿಯಾಗಿ ಕಳಿಯದ ಗೊಬ್ಬರದಿಂದಲೋ ಹೊಲಸು ನೀರಿನಿಂದಲೋ ತೊಳೆಯದ ಕೈಯಿಂದಲೋ ಎಲೆಗೆ ಅಂಟುತ್ತದೆ. ಸೊಪ್ಪಾದರೆ ಒಲೆಯ ಮೇಲೆ ಬೆಂದು ಸತ್ತೀತು. ವೀಳ್ಯದೆಲೆಯನ್ನು ಬೇಯಿಸುವವರುಂಟೆ? ಹಸಿಯಾಗಿಯೇ ಬಾಯಿಗೆ ಹೋಗುತ್ತದೆ. ಇದೇ ಕಾರಣಕ್ಕೆ ಐರೋಪ್ಯ ಒಕ್ಕೂಟ 2014ರಲ್ಲಿ ಬಾಂಗ್ಲಾದೇಶದ ಎಲೆಯನ್ನು ಪೂರ್ತಿ ತಡೆಯಿತು. ಮತ್ತೆ ಸಾಗಾಟ ಶುರುವಾದದ್ದು 2021ರಲ್ಲಿ. ಭಾರತದ ಎಲೆಗೆ ಬಾಗಿಲು ಮುಚ್ಚಲಿಲ್ಲವಾದರೂ 2016ರ ಫೆಬ್ರವರಿಯಲ್ಲಿ ಪ್ರತ್ಯೇಕ ನಿಯಮವೊಂದು ಬಂತು. ಪ್ರತಿ ಸರಕಿನ ಜೊತೆ ಪ್ರಯೋಗಾಲಯದ ಫಲಿತಾಂಶ, ಸರ್ಕಾರದ ಅಧಿಕೃತ ಪ್ರತಿನಿಧಿಯ ಸಹಿಯುಳ್ಳ ಆರೋಗ್ಯ ಪ್ರಮಾಣಪತ್ರ, ಪೆಟ್ಟಿಗೆಪೆಟ್ಟಿಗೆಗೂ ಗುರುತಿನ ಸಂಖ್ಯೆ ಇರಬೇಕೆಂದು ಅದು ಕೇಳಿತು. ಐದು ಮಾದರಿ ತೆಗೆದರೆ ಐದರಲ್ಲೂ, ತಲಾ 25 ಗ್ರಾಂನಲ್ಲಿ, ಆ ಜೀವಿಯ ಸುಳಿವೇ ಇರಬಾರದಿತ್ತು. 25 ಗ್ರಾಂ ಎಂದರೆ ಅಜ್ಜಿಯ ಕೈಯಲ್ಲಿರುವ ಕೆಲವೇ ಎಲೆಗಳ ತೂಕ.

ಈಗ ಕಾಲಬುಡದ ನೀರನ್ನು ನೋಡಿ. ಬಾಳೆಬುಡ ಸುತ್ತಿ, ಎಲೆಬಳ್ಳಿಗೆ ಉಣಿಸಿ, ತುದಿಯಲ್ಲಿ ಒಂದು ಗುಂಡಿಗೆ ಬೀಳುತ್ತಿದೆ. ಬಾಡಬಾರದೆಂದು ಕಟ್ಟುಗಳನ್ನು ಅಲ್ಲೇ ಅದ್ದಿ ತೆಗೆದು, ನೀರು ಜಾಡಿಸಿ, ಬಾಳೆಲೆಯಲ್ಲಿ ಸುತ್ತುತ್ತಾರೆ. ಹನಿ ಹೊತ್ತ ಹಸಿರು ಹೊಳೆಯುವ ಆ ಗಳಿಗೆ ನೋಡಲು ಚಂದ. ಆದರೆ ಒಂದೇ ಗುಂಡಿಯಲ್ಲಿ ನೂರು ಕಟ್ಟು ಅದ್ದಿದರೆ ಒಂದರ ಕೊಳೆ ನೂರಕ್ಕೂ ಹತ್ತೀತು. ಇಲ್ಲಿಯ ಎಲೆ ಸುತ್ತಲಿನ ಪೇಟೆಯಲ್ಲೇ ಮಾರಲಿ, ಬನದ ಹುಣ್ಣಿಮೆಯ ಜಾತ್ರೆಯಲ್ಲೇ ಮಾರಲಿ, ಆ ನೀರು ಕುಡಿಯುವಷ್ಟು ಶುದ್ಧವಿರಬೇಕೆಂದೇ ನಾನು ಹೇಳುತ್ತೇನೆ. ಯುರೋಪಿನ ಪಾನ್ ಅಂಗಡಿಗೆ ಬಂದವರ ಹೊಟ್ಟೆಗೊಂದು ಲೆಕ್ಕ, ಜಾತ್ರೆಗೆ ಬಂದವರ ಹೊಟ್ಟೆಗೊಂದು ಲೆಕ್ಕ ಇರಬಾರದು.

ಮಾಡಬೇಕಾದದ್ದು ಬೆಟ್ಟದಷ್ಟೇನಿಲ್ಲ. ತಿಪ್ಪೆಗೊಬ್ಬರವನ್ನು ಪೂರ್ತಿ ಕಳಿಯಲು ಬಿಡುವುದು, ಕೊಯ್ಲಿನ ಜಾಗಕ್ಕೆ ದನಕೋಳಿ ಬಾರದಂತೆ ಬೇಲಿ, ಕೈತೊಳೆಯಲು ಸಾಬೂನು, ಹರಿಯುವ ಶುದ್ಧ ನೀರಿನಲ್ಲಿ ಎಲೆ ತೊಳೆಯುವುದು, ಯಾವ ಸಾಲಿನ ಎಲೆ ಯಾವ ದಿನ ಹೋಯಿತೆಂದು ಒಂದು ವಹಿ. ಹತ್ತು ಗುಂಟೆಯ ತೋಟದವನಿಗೆ ತೊಟ್ಟಿ ಕಟ್ಟಿಸುವುದೂ ಪ್ರಯೋಗಾಲಯದ ಶುಲ್ಕ ತೆರುವುದೂ ಒಂಟಿಯಾಗಿ ಆಗದ ಮಾತು. ಹತ್ತಾರು ತೋಟದವರು ಕೂಡಿ ಒಂದು ತೊಳೆಯುವ ಕಟ್ಟೆ, ಒಂದು ಪರೀಕ್ಷೆಯ ಖರ್ಚು ಹಂಚಿಕೊಂಡರೆ ಸಾಧ್ಯ. ಪ್ರಮಾಣಪತ್ರದ ಸಹಿ ಸರ್ಕಾರದ್ದು, ತೋಟದ ಖರ್ಚು ತೋಟದವರದೇ.

ಇದನ್ನೆಲ್ಲ ಕೇಳಿಸಿಕೊಂಡ ಅಜ್ಜಿ ಕಟ್ಟು ಬಿಗಿಯುತ್ತಲೇ ಕೇಳಿದಳು: “ತೊಳದ ಎಲಿಗೆ ಒಂದು ಕಟ್ಟಿಗೆ ಎಷ್ಟು ಹೆಚ್ಚಿಗಿ ಕೊಡ್ತಾರ್ರೀ?”