ಇನ್ನೊಮ್ಮೆ ಹೇಳ್ರಿ ಸರ್!

ಅಲ್ ಕೂಜ್‌ನ ಕ್ಯಾಂಪೊಂದರ ಊಟದ ಹಾಲ್‌ನಲ್ಲಿ ಭಾನುವಾರ ಸಂಜೆ ನಾವು ಕೆಲವರು ಸೇರಿ ಇಂಗ್ಲಿಷ್ ತರಗತಿ ನಡೆಸ್ತೀವಿ. ಕಲಿಯೋಕೆ ಬರೋರು ಸ್ಕ್ಯಾಫೋಲ್ಡಿಂಗ್, ಎಸಿ, ಕ್ಲೀನಿಂಗ್ ಕೆಲಸದ ನಮ್ಮವರೇ. ಅಬುಧಾಬಿಯ ಮುಸಫ್ಫಾದಿಂದ ಬಸ್ಸು ಹಿಡಿದು ಬರುವವರೂ ಇದ್ದಾರೆ. ಒಂದು ದಿನ "ಮಕ್ಕಳ ಶಾಲೇಲಿ ಸ್ಪೆಲ್ಲಿಂಗ್ ಬೀ ಮಾಡ್ತಾರಲ್ಲ, ನಾವೂ ಒಂದು ಮಾಡೋಣ" ಅನ್ನೋ ಮಾತು ಬಂತು.

"ಬೀ ಅಂದ್ರೆ ಜೇನುಹುಳ ಅಲ್ವಾ?" ಅಂತ ಮಂಡ್ಯದ ತಮ್ಮ ನಕ್ಕ. ಇಲ್ಲಿ ಆ ಅರ್ಥ ಅಲ್ಲ. ಅಮೆರಿಕದಲ್ಲಿ ಹಿಂದೆ ಅಕ್ಕಪಕ್ಕದವರು ಒಟ್ಟಿಗೆ ಸೇರಿ ಒಂದು ಕೆಲಸ ಮುಗಿಸುವುದಕ್ಕೆ ಬೀ ಅನ್ನುತ್ತಿದ್ದರು. ನಮ್ಮ ಊರಿನ ಮುಯ್ಯಾಳಿನ ಹಾಗೆ. ಅಲ್ಲಿನ ರಾಷ್ಟ್ರೀಯ ಸ್ಪರ್ಧೆ ಶುರುವಾದದ್ದು 1925ರಲ್ಲಿ. 1985ರಲ್ಲಿ ಬಾಲು ನಟರಾಜನ್, 2009ರಲ್ಲಿ ಕಾವ್ಯಾ ಶಿವಶಂಕರ್, ಹೀಗೆ ಭಾರತ ಮೂಲದ ಮಕ್ಕಳು ಅದನ್ನು ಎಷ್ಟೋ ಸಲ ಗೆದ್ದಿದ್ದಾರೆ.

ಮೊದಲ ಸಲ ನಾವು ಎಡವಿದೆವು. ಶಾಲೆಯ ಪುಸ್ತಕದಿಂದ ದೊಡ್ಡ ದೊಡ್ಡ ಪದ ತೆಗೆದೆವು, ತಪ್ಪು ಹೇಳಿದವರನ್ನು ಔಟ್ ಮಾಡಿದೆವು. ಹದಿನೈದೇ ನಿಮಿಷಕ್ಕೆ ಅರ್ಧ ಹಾಲ್ ಔಟ್! ಯಾರಿಗೆ ಕಲಿಯೋದು ಹೆಚ್ಚು ಬೇಕಿತ್ತೋ ಅವರೇ ಮೊದಲು ಹೋಗಿ ಮೂಲೆಯಲ್ಲಿ ಫೋನ್ ನೋಡ್ತಾ ಕೂತರು.

ಎರಡನೇ ಸಲ ಪದಗಳನ್ನೇ ಬದಲಿಸಿದೆವು. ಸ್ಯಾಲರಿ, ರಿಸೀಟ್, ಲೀವ್, ಕಾಂಟ್ರ್ಯಾಕ್ಟ್, ಹೆಲ್ಮೆಟ್, ಕ್ಲಿನಿಕ್, ವೆನ್ಸ್‌ಡೇ, ಹೀಗೆ ದಿನಾ ಕಣ್ಣಿಗೆ ಬೀಳುವ ಪದಗಳು. ಮೊದಲ ಸುತ್ತಿನಲ್ಲಿ ಎಲ್ಲರೂ 20 ಪದ ಬರೆಯೋದು, ಯಾರೂ ಔಟ್ ಇಲ್ಲ. ಎರಡನೇ ಸುತ್ತು ಜೋಡಿಗಳದ್ದು. ಕೊನೆಗಷ್ಟೇ ಮೈಕ್.

ಕನ್ನಡದಲ್ಲಿ ನುಡಿದಂತೆ ಬರೆದು ಬೆಳೆದ ನಮಗೆ ಇಂಗ್ಲಿಷಿನ ಮೌನ ಅಕ್ಷರಗಳೇ ಕಾಟ. ಅದಕ್ಕೊಂದು ಉಪಾಯ ಮಾಡಿದೆವು. ಬರೆಯುವಾಗ ಮನಸ್ಸಿನಲ್ಲಿ ಕನ್ನಡದ ಹಾಗೇ ಓದೋದು: "ವೆಡ್-ನೆಸ್-ಡೇ", "ಕ್-ನೈಫ್", "ರಿ-ಸೀಪ್ಟ್". ನಗು ಬರುತ್ತೆ, ಆದರೆ ಮರೆಯಲ್ಲ.

ಇಷ್ಟೆಲ್ಲದರಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆಟದ ಒಂದು ನಿಯಮ. ಸ್ಪೆಲ್ಲಿಂಗ್ ಹೇಳುವ ಮೊದಲು ಪದವನ್ನು ಮತ್ತೆ ಹೇಳಿ ಅಂತ ಕೇಳಬಹುದು. ಅರ್ಥ ಕೇಳಬಹುದು, ವಾಕ್ಯದಲ್ಲಿ ಬಳಸಿ ತೋರಿಸಿ ಅನ್ನಬಹುದು. ಕೇಳಿದರೆ ಅಂಕ ಕಡಿಮೆಯಾಗಲ್ಲ.

ಆ ಸಂಜೆ ರಾಯಚೂರು ಕಡೆಯ ಅಣ್ಣನಿಗೆ ಬಂದ ಪದ "ಡಿಡಕ್ಷನ್". ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಇನ್ನೊಮ್ಮೆ ಹೇಳ್ರಿ ಸರ್. ಹಂಗಂದ್ರ ಏನ್ರಿ?" ಅಂದರು. ಸಂಬಳದಲ್ಲಿ ಹಿಡಿದುಕೊಳ್ಳುವ ಹಣ ಅಂತ ನಾವು ಹೇಳಿದೆವು. ಅವರು ನಿಧಾನಕ್ಕೆ "ಡಿ, ಇ, ಡಿ, ಯು..." ಅಂತ ಕೊನೆವರೆಗೂ ಸರಿಯಾಗಿ ಹೇಳಿ ಕೂತರು. ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದರು: "ಈ ಶಬ್ದ ನನ್ನ ಸ್ಲಿಪ್‌ನಾಗ ಮೂರು ತಿಂಗಳಿಂದ ಐತ್ರಿ. ಯಾರನ್ನೂ ಕೇಳಿದ್ದಿಲ್ಲ. ಏನೂ ತಿಳಿಯಂಗಿಲ್ಲ ಇವಗ ಅಂತಾರಂತ ಸುಮ್ಮನಿದ್ದೆ."

ಮರುದಿನ ಆಫೀಸಿಗೆ ಹೋಗಿ ಕೇಳಿದರು. ತಾನೇ ಅಡುಗೆ ಮಾಡಿಕೊಳ್ಳುವ ಅವರ ಸಂಬಳದಿಂದ ಮೆಸ್ ಹಣ ಕಟ್ ಆಗ್ತಿತ್ತು. ಮುಂದಿನ ಸಂಬಳದಲ್ಲಿ ಅದು ವಾಪಸ್ ಬಂತು.

ನಾವೆಲ್ಲ ಮಾಡೋದು ಇದನ್ನೇ ತಾನೇ? ಅರ್ಥವಾಗದಿದ್ದರೂ "ಯೆಸ್ ಸರ್" ಅಂತ ತಲೆಯಾಡಿಸಿ ಸಹಿ ಹಾಕ್ತೀವಿ. ಜಾಬ್ ಆಫರ್ ಪತ್ರ ಅರಬ್ಬಿ, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಇರಬೇಕೆಂಬ ನಿಯಮ 2016ರ ಜನವರಿಯಲ್ಲಿ ಜಾರಿಗೆ ಬಂತು. ಆಗ ಸಚಿವಾಲಯ ಆರಿಸಿದ 11 ಭಾಷೆಗಳಲ್ಲಿ ಹಿಂದಿ, ಉರ್ದು, ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಬೇರೆ ಭಾಷೆಯ ಕಾಗದ ಓದೋದು, ತಿಳಿಯದಿದ್ದರೆ ಕೇಳೋದು ಕನ್ನಡಿಗರಾದ ನಮಗೆ ಇನ್ನೂ ಅಗತ್ಯ.

ನಿಮ್ಮ ಕ್ಯಾಂಪ್‌ನಲ್ಲೂ ಮಾಡಬೇಕೆಂದಿದ್ದರೆ ನಮ್ಮ ಅನುಭವದ ನಾಲ್ಕು ಮಾತು:

• ಹಾಲ್ ಬಳಸಲು ಕ್ಯಾಂಪ್ ಮೇಲ್ವಿಚಾರಕರ ಅನುಮತಿ ಮೊದಲೇ ಪಡೆಯಿರಿ. ಚಂದಾ ಎತ್ತಬೇಡಿ, ಅನುಮತಿಯಿಲ್ಲದೆ ದೇಣಿಗೆ ಸಂಗ್ರಹಿಸುವುದು ಇಲ್ಲಿ ಕಾನೂನಿಗೆ ವಿರುದ್ಧ. ನಮ್ಮ ಬಹುಮಾನ ಒಂದು ಪುಟ್ಟ ನಿಘಂಟು, ಅಷ್ಟೆ.

• ಪದಗಳನ್ನು ಒಬ್ಬರೇ ಓದಲಿ. ಮಂಗಳೂರಿನವರು ಹೇಳಿದ್ದು ಕಲಬುರಗಿಯವರಿಗೆ ಬೇರೆ ಥರ ಕೇಳಿ ನಮ್ಮಲ್ಲಿ ಜಗಳವೇ ಆಗಿತ್ತು!

• ಲೇಬರ್, ಸೆಂಟರ್, ಚೆಕ್ ಇವಕ್ಕೆ ಬ್ರಿಟಿಷ್ ಸ್ಪೆಲ್ಲಿಂಗ್ ಬೇರೆ, ಅಮೆರಿಕನ್ ಬೇರೆ. ಎರಡೂ ಸರಿ ಅಂತ ಮೊದಲೇ ಹೇಳಿಬಿಡಿ.

• ಮೊದಲ ಪದ ಪ್ರತಿಯೊಬ್ಬರ ಹೆಸರೇ ಆಗಿರಲಿ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆ. ಎಮಿರೇಟ್ಸ್ ಐಡಿಯಲ್ಲೂ ಅದೇ ಸ್ಪೆಲ್ಲಿಂಗ್ ಇದೆಯಾ ಅಂತ ಅಲ್ಲೇ ನೋಡಿಕೊಳ್ಳಲಿ.

ಆ ಸಂಜೆ ನಿಘಂಟು ಗೆದ್ದದ್ದು ಮಂಡ್ಯದ ತಮ್ಮ. ರಾಯಚೂರಿನ ಅಣ್ಣ ನಾಲ್ಕನೆಯವರು. ಆದರೂ ಈಗ ತರಗತಿಯಲ್ಲಿ ಯಾರಿಗಾದರೂ ಏನಾದರೂ ತಿಳಿಯದಿದ್ದರೆ ಇಡೀ ಹಾಲ್ ಅವರದೇ ಮಾತು ಕೂಗುತ್ತೆ: "ಇನ್ನೊಮ್ಮೆ ಹೇಳ್ರಿ ಸರ್!"