ಮದರಂಗಿ ಕೆಂಪೇ ಚೆಂದ, ಕಪ್ಪು ಬೇಡ

ಜಾತ್ರೆ ಮುಗಿದ ನಾಲ್ಕನೇ ದಿನ ನಾನೊಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಆರನೇ ತರಗತಿಯ ಹುಡುಗಿಯೊಬ್ಬಳು ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಂತಿದ್ದಳು. "ಏನಾಯ್ತಮ್ಮಾ, ತೋರಿಸು" ಎಂದೆ. ಮುಂಗೈ ಮೇಲೆ ಹೂಬಳ್ಳಿಯ ಚಿತ್ತಾರವಿತ್ತು. ಆದರೆ ಅದು ಬಣ್ಣದ ಬಳ್ಳಿಯಲ್ಲ, ನೀರು ತುಂಬಿದ ಗುಳ್ಳೆಗಳ ಬಳ್ಳಿ! ಗೆರೆ ಎಳೆದಲ್ಲೆಲ್ಲ ಚರ್ಮ ಕೆಂಪಾಗಿ ಉಬ್ಬಿತ್ತು. ಜಾತ್ರೆಯಲ್ಲಿ 'ಕಪ್ಪು ಮೆಹಂದಿ' ಹಾಕಿಸಿಕೊಂಡಿದ್ದಳಂತೆ. "ಹೋದ ವರ್ಷವೂ ಹಾಕಿಸಿದ್ದೆ ಸರ್, ಆಗ ಏನೂ ಆಗಿರಲಿಲ್ಲ" ಎಂದು ಅತ್ತಳು.

ಮಕ್ಕಳೇ, ಆಗ ಏನೂ ಆಗದ್ದು ಈಗೇಕೆ ಆಯಿತು? ಬನ್ನಿ, ತಿಳಿಯೋಣ.

ಎಲೆ ಹಸಿರು, ಬಣ್ಣ ಕೆಂಪು

ಮದರಂಗಿಯನ್ನು ಕೆಲವು ಕಡೆ ಗೋರಂಟಿ ಎನ್ನುತ್ತಾರೆ. ಇದರ ವೈಜ್ಞಾನಿಕ ಹೆಸರು ಲಾಸೋನಿಯಾ ಇನರ್ಮಿಸ್. ಎಲೆಯನ್ನು ಅರೆದಾಗ ಲಾಸೋನ್ ಎಂಬ ಬಣ್ಣದ ವಸ್ತು ಹೊರಬರುತ್ತದೆ. ನಮ್ಮ ಚರ್ಮದ ಮೇಲ್ಪದರದಲ್ಲಿ ಸತ್ತ ಜೀವಕೋಶಗಳಿವೆ. ಅವುಗಳಲ್ಲಿ ಕೆರಾಟಿನ್ ಎಂಬ ಪ್ರೋಟೀನ್ ಇದೆ. ಲಾಸೋನ್ ನಿಧಾನವಾಗಿ ಈ ಕೆರಾಟಿನ್‌ಗೆ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಮದರಂಗಿಯನ್ನು ಗಂಟೆಗಟ್ಟಲೆ ಇಟ್ಟುಕೊಳ್ಳಬೇಕು. ತೊಳೆದಾಗ ಕಿತ್ತಳೆಯಾಗಿದ್ದ ಬಣ್ಣ ಒಂದೆರಡು ದಿನಗಳಲ್ಲಿ ಕೆಂಗಂದಾಗುತ್ತದೆ. ಅಂಗೈಯ ಮೇಲ್ಪದರ ದಪ್ಪ, ಹಾಗಾಗಿ ಅಲ್ಲಿ ಬಣ್ಣ ಗಾಢ. ಸತ್ತ ಕೋಶಗಳು ಉದುರಿದಂತೆ ಎರಡು ಮೂರು ವಾರಗಳಲ್ಲಿ ಬಣ್ಣವೂ ಹೋಗುತ್ತದೆ.

ಮದರಂಗಿ ಎಲೆಯೊಂದರಿಂದಲೇ ಡಾಂಬರಿನಂಥ ಕಪ್ಪು ಬಣ್ಣ ಬರುವುದಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು?

ಕಪ್ಪಿನ ಗುಟ್ಟು

ಚರ್ಮದ ಮೇಲೆ ಬೇಗನೆ ಕಪ್ಪು ಮೂಡಲೆಂದು ಕೆಲವರು ತಲೆಕೂದಲಿಗೆ ಹಚ್ಚುವ ಬಣ್ಣವನ್ನು ಬೆರೆಸುತ್ತಾರೆ. ಅದರಲ್ಲಿ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ರಾಸಾಯನಿಕ ಇರಬಹುದು. ಚಿಕ್ಕದಾಗಿ ಪಿಪಿಡಿ ಎನ್ನೋಣ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ, ತಲೆಗೆ ಹಚ್ಚುವ ಹೊತ್ತಿನಲ್ಲಿ ಕೂದಲಿನ ಬಣ್ಣದಲ್ಲಿ ಪಿಪಿಡಿ ನೂರಕ್ಕೆ 2 ಭಾಗ ಮೀರುವಂತಿಲ್ಲ. ಚರ್ಮದ ಮೇಲೆ ಚಿತ್ರ ಬರೆಯಲು ಅದನ್ನು ಬಳಸುವಂತೆಯೇ ಇಲ್ಲ. ಜಾತ್ರೆಯ ಕೋನಿನಲ್ಲಿ ಎಷ್ಟಿದೆ ಎಂದು ಅಳೆದವರು ಯಾರು?

ದೇಹ ಮರೆಯುವುದಿಲ್ಲ

ಪಿಪಿಡಿಯ ಅಣು ಬಹಳ ಚಿಕ್ಕದು. ಅದು ಚರ್ಮದೊಳಗೆ ನುಸುಳಿ ಅಲ್ಲಿನ ಪ್ರೋಟೀನ್‌ಗಳ ಜೊತೆ ಸೇರುತ್ತದೆ. ನಮ್ಮ ದೇಹದ ಕಾವಲುಗಾರರಾದ ಬಿಳಿ ರಕ್ತಕಣಗಳು ಇದನ್ನು ಪರಕೀಯ ವಸ್ತು ಎಂದು ತಿಳಿಯುತ್ತವೆ. ಮೊದಲ ಸಲ ಗುರುತು ಹಿಡಿದು ನೆನಪಿಟ್ಟುಕೊಳ್ಳಲು ಅವಕ್ಕೆ ಸುಮಾರು ಹತ್ತು ದಿನ, ಎರಡು ವಾರ ಬೇಕು. ಅಷ್ಟರಲ್ಲಿ ಬಣ್ಣ ಮಾಸುತ್ತಿರುತ್ತದೆ. ಹೊರಗೆ ಏನೂ ಕಾಣದಿರಬಹುದು. ಆದರೆ ಒಳಗೆ ನೆನಪು ಉಳಿದಿರುತ್ತದೆ. ಮುಂದಿನ ಸಲ ಅದೇ ವಸ್ತು ಬಂದರೆ ಒಂದೆರಡು ದಿನದಲ್ಲೇ ದಾಳಿ! ತುರಿಕೆ, ಉರಿ, ಊತ, ಗುಳ್ಳೆ. ಇದಕ್ಕೆ ಅಲರ್ಜಿ ಎನ್ನುತ್ತಾರೆ. ಆ ಹುಡುಗಿಗೆ ಆದದ್ದೂ ಇದೇ. ಆದ್ದರಿಂದ "ಹೋದ ಸಲ ಏನೂ ಆಗಲಿಲ್ಲ" ಎಂಬುದು ಧೈರ್ಯದ ಮಾತಲ್ಲ.

ಈ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ಕೂದಲಿಗೆ ಬಣ್ಣ ಹಚ್ಚಿದರೆ ಮುಖ, ಕಣ್ಣು ಊದಿಕೊಳ್ಳಬಹುದು. ಬಟ್ಟೆಯ ಕೆಲವು ಬಣ್ಣಗಳೂ ಒಗ್ಗದಿರಬಹುದು.

ಗುರುತಿಸುವುದು ಹೇಗೆ?

● ಕಲಸಿದ ಮದರಂಗಿ ಹಸಿರು ಅಥವಾ ಕಂದು. ಕೋನಿನ ಮಿಶ್ರಣ ಕಡುಗಪ್ಪಾಗಿದ್ದರೆ ಬೇಡವೆನ್ನಿ.
● "ಅರ್ಧ ಗಂಟೆ ಸಾಕು, ಕಪ್ಪಗೆ ಹತ್ತುತ್ತದೆ" ಎಂದರೆ ಅನುಮಾನಪಡಿ.
● ಒಳಗೆ ಏನಿದೆ ಎಂದು ಬರೆಯದ ಕೋನನ್ನು ಕೊಳ್ಳಬೇಡಿ.
● ಪುಟ್ಟ ಕೂಸುಗಳಿಗೆ ಶುದ್ಧ ಮದರಂಗಿಯೂ ಬೇಡ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ತುರಿಕೆ ಶುರುವಾದರೆ?

ಸೋಪು ನೀರಿನಿಂದ ಮೆಲ್ಲಗೆ ತೊಳೆಯಿರಿ. ಗುಳ್ಳೆ ಒಡೆಯಬೇಡಿ. ಸುಣ್ಣ, ಟೂತ್‌ಪೇಸ್ಟ್ ಹಚ್ಚಬೇಡಿ. ಮನೆಯವರಿಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಪ್ಪು ಮೆಹಂದಿ ಹಚ್ಚಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ. ಮುಖ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿಸಿ.

ಆ ಹುಡುಗಿ ಬೈಗುಳಕ್ಕೆ ಹೆದರಿ ಎರಡು ದಿನ ಯಾರಿಗೂ ಹೇಳಿರಲಿಲ್ಲ. ಚಿಕಿತ್ಸೆಯಿಂದ ಗುಳ್ಳೆ ವಾಸಿಯಾಯಿತು. ಬಳ್ಳಿಯ ಜಾಗದಲ್ಲಿ ಬಿಳಿಚಿದ ಗೆರೆಗಳು ತಿಂಗಳುಗಟ್ಟಲೆ ಉಳಿದವು. ತಪ್ಪು ಅವಳದಲ್ಲ. ನೀವು ಹಾಗೆ ಕೈ ಮುಚ್ಚಿಡಬೇಡಿ.

ಮಾಡಿ ನೋಡಿ

ಹಿರಿಯರ ಜೊತೆ ಗಿಡದ ಎಲೆ ತಂದು ನುಣ್ಣಗೆ ಅರೆಯಿರಿ. ಮೂರು ಬೆರಳ ತುದಿಗೆ ಹಚ್ಚಿ. ಒಂದನ್ನು 15 ನಿಮಿಷಕ್ಕೆ, ಇನ್ನೊಂದನ್ನು 1 ಗಂಟೆಗೆ, ಮತ್ತೊಂದನ್ನು 4 ಗಂಟೆಗೆ ತೊಳೆಯಿರಿ. ಮರುದಿನವೂ ಬಣ್ಣ ನೋಡಿ ಬರೆದಿಡಿ. ಒಂದು ಉಗುರಿಗೂ ಹಚ್ಚಿ. ಬೆರಳಿನ ಬಣ್ಣ ಹೋದ ಮೇಲೂ ಉಗುರಿನ ಬಣ್ಣ ಉಳಿದಿರುತ್ತದೆ. ಏಕೆ? ತರಗತಿಯಲ್ಲಿ ಚರ್ಚಿಸಿ.